ಆತ್ಮದ ಮೂರು ಭಾಗ ಮತ್ತು ನಮ್ಮ ಲಿಫ್ಟು

ಮೆತ್ತಿ... ಮೆತ್ತಿಫಿಸಿಕ್ಸ್. ಮೊಮ್ಮಗಳ ಪುಸ್ತಕದಲ್ಲಿ ಹಾಗೇನೋ ಒಂದು ಶಬ್ದ. ನಮ್ಮ ಉಡುಪಿ ಕಡೆ ಮೆತ್ತಿ ಅಂದರೆ ಮನೆಯ ಮೇಲಂತಸ್ತು. ಇದು ಮೆತ್ತಿಯ ಮೇಲಿನ ಫಿಸಿಕ್ಸ್ ಇರಬೇಕು ಅಂದುಕೊಂಡೆ. ಖಾರಘರದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುವ ಮೊಮ್ಮಗಳು ಹೊಟ್ಟೆ ಹಿಡಿದು ನಕ್ಕಳು. "ಅಜ್ಜಿ, ಮೆಟಾಫಿಸಿಕ್ಸ್. ಪರ್ ಮತ್ಲಬ್ ಸಹೀ ಹೈ." ಶಬ್ದ ತಪ್ಪಿದರೂ ಅರ್ಥ ಸರಿಯೇ ಅಂತೆ: ಹಳೇ ಗ್ರೀಕರು ಮೇಲೆ ಏನಿದೆ ಅಂತ ಮೊದಲು ತೀರ್ಮಾನಿಸಿ, ಆಮೇಲೆ ಕೆಳಗೆ ಯಾರು ಆಳಬೇಕು ಅಂತ ಹೇಳಿದರಂತೆ.

ಮುಂಬೈ ಹತ್ತಿರ ಡೊಂಬಿವ್ಲಿಯ ನಮ್ಮ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ತಿಂಗಳುಗಳಾದವು. ನನ್ನದು ನಾಲ್ಕನೇ ಮಾಳಿಗೆ, ಮೊಣಕಾಲು ಎರಡೂ ಹೋಗಿವೆ. ಕೆಳಗಿಳಿಯಲಾರದವಳಿಗೆ ಮೇಲಿನ ವಿಚಾರವೇ ಗತಿ. ಹಾಗಾಗಿ ನಮ್ಮಲ್ಲಿ ಇಂಥ ಪ್ರಸಂಗಗಳಿಗೆ ಬರವಿಲ್ಲ.

೧. ನಿಜವಾದ ಇಡ್ಲಿ

ಒಬ್ಬ ಗ್ರೀಕ್ ಗುರು ಹೇಳಿದ್ದು: ನಾವು ಕಾಣುವುದೆಲ್ಲ ನಕಲು, ಅಸಲು ಮೇಲೆಲ್ಲೋ ಇದೆ, ಅಸಲನ್ನು ಅರಿತವನೇ ಆಳಬೇಕು. ಇದನ್ನು ನಾನು ಮೊದಲಿದ್ದ ಠಾಣೆ ಊರಿನಲ್ಲೇ ಕಂಡಿದ್ದೆ. ಅಲ್ಲಿ ನಮ್ಮವರ, ಅಂದರೆ ನನ್ನ ಗಂಡನ, ಹೋಟೆಲಿತ್ತು. ಅಡಿಗೆ ಭಟ್ಟರು ಪ್ರತಿ ಬೆಳಿಗ್ಗೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, "ಇದು ಇಡ್ಲಿ ಅಲ್ಲ" ಅಂತ ನಿಟ್ಟುಸಿರು ಬಿಡುತ್ತಿದ್ದರು.

"ಮತ್ತೆಂತದು ಮಾರಾಯ್ರೆ?" ಅಂತ ಒಂದು ದಿನ ಕೇಳಿದರು ನಮ್ಮವರು.

"ಇಡ್ಲಿಯ ಹಾಗೆ ಕಾಣ್ತದೆ, ಅಷ್ಟೆ. ನಿಜವಾದ್ದು ಬೇರೆಯೇ ಉಂಟು."

"ನೀವು ಕಂಡಿದ್ದೀರಾ?"

"ಕಂಡದ್ದಕ್ಕೇ ಅಲ್ವಾ ಅಡಿಗೆಮನೆಯಲ್ಲಿ ನಾನು ಹೇಳಿದ್ದು ನಡೆಯೂದು?"

ಭಿವಂಡಿಯ ಗೋದಾಮಿನಲ್ಲಿ ಕೆಲಸಕ್ಕಿದ್ದ ವಿಜಾಪುರದ ಗಿರಾಕಿಯೊಬ್ಬ ಇದನ್ನೆಲ್ಲ ಕೇಳುತ್ತಲೇ ಆರು ಇಡ್ಲಿ ಮುಗಿಸಿದ. ಕೈ ತೊಳೆದು ಬಂದು ಹೇಳಿದ: "ಹಂಗಾರ ನಾ ಇಡ್ಲಿ ತಿಂದೇ ಇಲ್ಲಲ್ರೀ. ಮತ್ತ ಬಿಲ್ ಯಾತರದ್ದು?"

೨. ಲಿಫ್ಟಿನ ಗುರಿ

ಆ ಗುರುವಿನ ಶಿಷ್ಯ ಇದನ್ನು ಒಪ್ಪಲಿಲ್ಲವಂತೆ. ಅಸಲು ಬೇರೆಲ್ಲೂ ಇಲ್ಲ, ಪ್ರತಿ ವಸ್ತುವಿನ ಒಳಗೇ ಅದರ ಗುರಿ ಇದೆ ಅಂದ. ಬೀಜದ ಗುರಿ ಮರವಾಗುವುದು. ಮನುಷ್ಯನ ಗುರಿ ಊರಿನಲ್ಲಿ ಒಟ್ಟಾಗಿ ಚೆನ್ನಾಗಿ ಬಾಳುವುದು.

ಡಾಕ್ಟರ ಬಳಿ ಹೋಗಲು ಒಂದು ದಿನ ಗೋಡೆ ಹಿಡಿದುಕೊಂಡು ಇಳಿದೆ. ನಿಂತ ಲಿಫ್ಟಿನೊಳಗೆ ವಾಚ್‌ಮನ್ನನ ಪೊರಕೆ, ಕೊಡೆ, ಊಟದ ಡಬ್ಬಿ, ಒಣಹಾಕಿದ ಬನಿಯನ್.

"ಲಿಫ್ಟಿನ ಗುರಿ ಮೇಲೆ ಹೋಗುವುದಲ್ಲವೇನಪ್ಪಾ?" ಅಂತ ನನ್ನ ಅರೆಬರೆ ಮರಾಠಿಯಲ್ಲಿ ಕೇಳಿದೆ.

"ಆಜೀ, ಇದು ಹುಟ್ಟಿದ್ದೇ ಕಪಾಟಾಗಲು," ಅಂದ. "ಮೇಲೆ ಕೆಳಗೆ ಓಡಾಡಿದ್ದೆಲ್ಲ ಪ್ರಾಯದ ಹುಚ್ಚು."

೩. ಯಾವ ಭಾಗ?

ನಮ್ಮ ಕಟ್ಟಡದ ಸೊಸೈಟಿಯ ಚೇರ್ಮನ್ ಮೈಸೂರಿನವರು. ತತ್ವಶಾಸ್ತ್ರದ ನಿವೃತ್ತ ಪ್ರೊಫೆಸರ್, ವಾಸ ನೆಲಮಹಡಿ. ಲಿಫ್ಟಿಗಾಗಿ ಫೋನ್ ಮಾಡಿದಾಗಲೆಲ್ಲ ಪಾಠ.

"ನೋಡೀಮ್ಮಾ, ಆತ್ಮಕ್ಕೆ ಮೂರು ಭಾಗ. ಬುದ್ಧಿ, ಕೆಚ್ಚು, ಹೊಟ್ಟೆಯ ಆಸೆ. ಊರಿಗೂ ಹಾಗೇ ಮೂರು. ನಮ್ಮಲ್ಲಿ ಕಮಿಟಿ ಬುದ್ಧಿ, ವಾಚ್‌ಮನ್ ಕೆಚ್ಚು, ನೀವೆಲ್ಲ ಹೊಟ್ಟೆ. ಹೊಟ್ಟೆ ಕೇಳಿದ್ದನ್ನೆಲ್ಲ ಬುದ್ಧಿ ಕೊಡೋಕಾಗುತ್ತಾ?"

ಅವರ ಹೊಟ್ಟೆಯ ಪರಿಚಯ ನನಗಿತ್ತು. ಮುಂದಿನ ಮೀಟಿಂಗ್ ನಮ್ಮ ಮನೆಯಲ್ಲೇ ಆಗಲಿ, ಕೆಸುವಿನ ಎಲೆಯ ಪತ್ರೊಡೆ ಮಾಡುತ್ತೇನೆ ಅಂದೆ. ತಕ್ಷಣ ಒಪ್ಪಿದರು.

ಭಾನುವಾರ ಕಮಿಟಿ ಹೊರಟಿತು. ಒಂದನೇ ಮಾಳಿಗೆಯಲ್ಲಿ ಚೇರ್ಮನ್ನರ ಉಪನ್ಯಾಸ ಕೇಳುತ್ತಿತ್ತು. ಎರಡರಲ್ಲಿ ಕೆಮ್ಮು. ಮೂರರಲ್ಲಿ ಸದ್ದೇ ಇಲ್ಲ. ನಾಲ್ಕಕ್ಕೆ ತಲುಪಿದ ಅವರು ಬಾಗಿಲ ಬಳಿಯ ಚಪ್ಪಲಿ ಸ್ಟ್ಯಾಂಡಿನ ಮೇಲೆಯೇ ಅಯ್ಯೋ ಅಂತ ಕುಸಿದು ಕೂತರು. ಪತ್ರೊಡೆಯ ಕಡೆ ನೋಡಲೂ ಇಲ್ಲ.

"ಸಾರ್, ಈಗ ಅಯ್ಯೋ ಅನ್ನುತ್ತಿರುವುದು ಯಾವ ಭಾಗ?" ಅಂತ ಕೇಳಿದೆ. "ಬುದ್ಧಿಯಾ, ಕೆಚ್ಚಾ, ಹೊಟ್ಟೆಯಾ?"

"ಮೊಣಕಾಲಮ್ಮಾ," ಅಂದರು. "ಮೊದಲು ಆ ಲಿಫ್ಟಿನವನನ್ನ ಕರೆಸಿ. ನಾನು ಇಳಿಯೋದು ಹೇಗೆ?"

ಮೊಮ್ಮಗಳು ಮೀಟಿಂಗಿನ ಪುಸ್ತಕ ಹಿಡಿದು ನಿಂತಿದ್ದಳು. "ಅಜ್ಜಿ, ಕ್ಯಾ ಲಿಖೂಂ?"

"ಬರೆ ಮಗಾ," ಅಂದೆ. "ಆತ್ಮಕ್ಕೆ ನಾಲ್ಕನೇ ಭಾಗವೂ ಇದೆ ಅಂತ ಚೇರ್ಮನ್ನರು ಕಂಡುಹಿಡಿದರು. ಕಮಿಟಿ ಸರ್ವಾನುಮತದಿಂದ ಒಪ್ಪಿತು."