ನನ್ನ ಟಿಪ್ಪಣಿ, ಮಾವನವರ ಫೋಟೊ

ತಾನು ಬರೆದದ್ದನ್ನು ಯಾರಾದರೂ ಓದಲಿ ಎನ್ನುವ ಆಸೆ ಕವಿಗಳಿಗಷ್ಟೇ ಇರುತ್ತದೆ ಎಂದುಕೊಂಡವರು ನಮ್ಮಂಥ ಪ್ರೋಗ್ರಾಮರುಗಳನ್ನು ನೋಡಿಲ್ಲ. ನೌಬಾದಿನ ಒಂದು ಕಚೇರಿಯಲ್ಲಿ ಕೂತು ಬೇಳೆ ಮಿಲ್ಲುಗಳಿಗೆ ತೂಕದ ಸಾಫ್ಟ್‌ವೇರ್ ಬರೆಯುವುದು ನನ್ನ ಕಸುಬು. ಈ ಸಾಲು ಏಕಿದೆ, ಇದನ್ನು ಮುಟ್ಟಿದರೆ ಏನು ಕೆಡುತ್ತದೆ ಎಂದು ಕೋಡಿನ ನಡುನಡುವೆ ಮನುಷ್ಯರಿಗಾಗಿ ಟಿಪ್ಪಣಿ ಬರೆಯುತ್ತೇವೆ. ಕಂಪ್ಯೂಟರು ಅದನ್ನು ಓದುವುದಿಲ್ಲ. ಮನುಷ್ಯರೂ ಓದುವುದಿಲ್ಲ. ಈ ಅವಮಾನ ತಡೆಯಲಾರದೆ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದೆ. ಓಡಿಸಿದರೆ ಸಾಕು, ಟಿಪ್ಪಣಿಗಳನ್ನೆಲ್ಲ ಹೆಕ್ಕಿ, ತಲೆಬರಹ, ಬಣ್ಣ, ಅಂಚು ಕೊಟ್ಟು ಒಪ್ಪವಾದ ವೆಬ್ ಪುಟ ಮಾಡಿಬಿಡುತ್ತದೆ. ಪ್ರತಿ ಪುಟದ ಮೇಲೂ 'ಬರೆದವರು: ಗೌತಮ' ಎಂದು ತಾನಾಗಿ ಬರುತ್ತಿತ್ತು. ನಿಜ ಹೇಳಬೇಕೆಂದರೆ ಉಳಿದದ್ದೆಲ್ಲ ಆ ಒಂದು ಸಾಲಿಗಾಗಿಯೇ. ಮೆಹಕರದ ಅಕ್ಕನಿಗೆ ಫೋನ್ ಮಾಡಿ, ನನ್ನ ಹೆಸರು ಬರುತ್ತದೆ ನೋಡು ಎಂದು ಕೊಚ್ಚಿಕೊಂಡೂ ಆಗಿತ್ತು.

ಮಾಲೀಕರು ನೋಡಿದರು. "ಭಾಳ ಚಂದ ಆಗ್ಯದ. ಮಿಲ್ಲಿನವರಿಗೆಲ್ಲಾ ಕಳಸೋಣ. ಆದ್ರ ನಮ್ಮ ಮಾವನೋರ ಫೋಟೊ ಎಲ್ಯದ?" ಎಂದರು. ಔರಾದಿನ ಮಾವನವರು ಕಚೇರಿ ತೆರೆದ ದಿನ ತೆಂಗಿನಕಾಯಿ ಒಡೆದವರು. ಮಾಲೀಕರ ಭಾಲ್ಕಿಯ ಭಾವ ಆ ಕಾಯಿಯನ್ನು ಹಿಡಿದು ನಿಂತವರು. ನಮ್ಮ ಕಡೆ ಮದುವೆಯ ಬ್ಯಾನರಿನಲ್ಲಿ ಮದುಮಕ್ಕಳಿಗೆ ಜಾಗ ಸಾಲದಿದ್ದರೂ ನಡೆಯುತ್ತದೆ, ಹಿರಿಯರ ಮುಖ ಬಿಟ್ಟುಹೋಗುವಂತಿಲ್ಲ. ಇಬ್ಬರ ಫೋಟೊ, ಮೊಬೈಲ್ ನಂಬರ್ ಎಲ್ಲವೂ ಪುಟದ ಮೇಲೆ ಬಂದವು. "ನಿನ್ನ ಹೆಸರ ತಗಿ. ನೌಕರಿ ಮಾಡೋರ ಹೆಸರ ಹಾಕಿದ್ರ ದೊಡ್ಡೋರು ಏನ್ ತಿಳ್ಕೋಬೇಕು?" ಎಂದರು ಮಾಲೀಕರು. ಬರೆದವನು ನಾನಲ್ಲವೇ ಎಂದು ಕೇಳಬೇಕೆಂದಿದ್ದೆ. ಬಾಯಲ್ಲಿ ಮಾತ್ರ "ಆಯ್ತ್ರಿ" ಎಂದೇ ಬಂತು. ಸ್ಕ್ರಿಪ್ಟಿನ ಒಂದು ಸಾಲು ಅಳಿಸಿದೆ, ಎಲ್ಲ ಪುಟಗಳಿಂದಲೂ ನಾನು ಒಮ್ಮೆಗೇ ಮಾಯವಾದೆ. ಇಷ್ಟು ಅಚ್ಚುಕಟ್ಟಾಗಿ ಯಾಕಾದರೂ ಬರೆದೆನೋ ಎನ್ನಿಸಿತು. ಪುಟ ನೋಡಿದ ಅಕ್ಕ, "ಇವ್ರು ಯಾರೋ? ನಿನ್ನ ಹೆಸರ ಎಲ್ಯದ?" ಎಂದಳು. ಸಿಗ್ನಲ್ ಇಲ್ಲವೆಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಸುಗ್ಗಿ ಬಂತು. ಹಸಿ ತೊಗರಿ ಬಂದರೆ ತೇವದ ಲೆಕ್ಕ ಹಿಡಿದು ತೂಕ ಕಳೆಯಬೇಕು. ಅದು ಹೇಗೆಂದು ನಾನು ಟಿಪ್ಪಣಿಯಲ್ಲಿ ವಿವರವಾಗಿಯೇ ಬರೆದಿದ್ದೆ. ಮಿಲ್ಲಿನ ಗುಮಾಸ್ತರು ಪುಟ ತೆರೆದರು, ಓದುವ ಗೊಡವೆಗೆ ಹೋಗದೆ ಎದುರಿಗೆ ಕಂಡ ನಂಬರ್ ಒತ್ತಿದರು. "ಸಾಹೇಬ್ರ, ತೇವದ ತೂಕ ಹ್ಯಾಂಗ ಕಳೀಬೇಕ್ರಿ?" ಮಾವನವರು ಊಟಕ್ಕೆ ಕೂತರೂ ಇದೇ ಪ್ರಶ್ನೆ, ಲಿಂಗಪೂಜೆಗೆ ಕೂತರೂ ಇದೇ ಪ್ರಶ್ನೆ. ಮಾಲೀಕರು ಕೆಂಡವಾಗಿ ಬಂದರು. "ಮಾವನೋರ ನಂಬರ ತಗಿ, ಫೋಟೊ ಇರ್ಲಿ. ದೂರು ಇದ್ರ ಗೌತಮಗ ಹೇಳ್ರಿ ಅಂತ ಎಲ್ಲಾ ಪುಟದಾಗ ಹಾಕು."

ಬರೆಯುವುದಕ್ಕೆ ಬೇಡವಾದ ಹೆಸರು ಬೈಸಿಕೊಳ್ಳುವುದಕ್ಕೆ ಬೇಕಾಯಿತು. ಮರ್ಯಾದೆ ಇರುವವನಾಗಿದ್ದರೆ ಆ ಗಳಿಗೆಯಲ್ಲೇ ರಾಜೀನಾಮೆ ಎಸೆದು ಎದ್ದುಹೋಗುತ್ತಿದ್ದ. ನಾನು ಸ್ಕ್ರಿಪ್ಟ್ ತೆರೆದೆ. 'ದೂರುಗಳಿದ್ದರೆ' ಎಂಬುದನ್ನು ಬೂದು ಬಣ್ಣದ ಚಿಕ್ಕ ಅಕ್ಷರಕ್ಕೆ ಇಳಿಸಿ, ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ನಡುವೆ ಕೂರಿಸಿದೆ. ಎಲ್ಲರಿಗಿಂತ ಮೊದಲು ಅಕ್ಕನಿಗೆ ಲಿಂಕ್ ಕಳಿಸಿದೆ. ಪುಣ್ಯಕ್ಕೆ, ಅವಳಿಗೆ ಚಿಕ್ಕ ಅಕ್ಷರ ಕಾಣುವುದಿಲ್ಲ.