ನಡೆದು ತೋರಿಸಿದ ಕೋಳಿ

ನಮ್ಮ ಮಾವನ ಮನೇಲಿ ಸಾರಾಗೋ ಕೋಳಿ ಮೊದ್ಲು ಪರೀಕ್ಷೆ ಪಾಸಾಗ್ಬೇಕು ಅಂದ್ರೆ ನೀವು ನಂಬ್ತೀರಾ? ನಾನೇ ಮೀಸೆ ಬಂದು ಎಷ್ಟೋ ವರ್ಷಕ್ಕೆ ಹತ್ತನೇ ಕ್ಲಾಸ್ ಪಾಸಾದವನು. ಆ ಕೋಳಿಗಳ ಕಷ್ಟ ನಂಗೆ ಅರ್ಥ ಆಗತ್ತೆ!

ಮಾವ ಅಂದ್ರೆ ನನ್ನ ಹೆಂಡ್ತಿ ಅಪ್ಪ. ಮನೆ ಹೇರೋಹಳ್ಳೀಲಿ. ರಿಟೈರ್ ಆದ್ಮೇಲೆ ಮೊಬೈಲ್ ಹಿಡಿದ್ರು. ಫಾರಂ ಕೋಳಿಗೆ ಇಂಜೆಕ್ಷನ್ ಚುಚ್ತಾರೆ, ಅದಕ್ಕೇ ಅವು ನಡೆಯಲ್ಲ ಅಂತ ಯಾವನೋ ವಿಡಿಯೋದಲ್ಲಿ ಹೇಳಿದ. ಮುಂದಿನ ಭಾನುವಾರನೇ ಮಾವ ಕೋಳಿ ಅಂಗಡಿ ಮುಂದೆ ನಿಂತು, ಕೆಳಗೆ ಬಿಟ್ಟು ನಡೆಸಿ ತೋರ್ಸಿ ಅಂದ್ರು. ಹಿಂದೆ ಜನ ಕಾಯ್ತಾ ಇದಾರೆ. ಮೊದಲನೇದು ಸ್ವಲ್ಪ ನಡೆದು ಕೂತ್ಕೊಂಡ್ತು. ಫೇಲು! ಇನ್ನೊಂದು ರಸ್ತೆ ದಾಟಿ, ಗುಂಡಿ ಹಾರಿ, ನಿಂತಿದ್ದ ಆಟೋ ಕೆಳಗೆ ಸೇರ್ಕೊಂಡ್ತು. ಮಾವಂಗೆ ಅದೇ ಬೇಕಂತೆ. ಅಂಗಡಿಯವ್ರು ಆಟೋ ಕೆಳಗೆ ಮಲಗ್ಕೊಂಡೇ ಕೇಳಿದ್ರು:

"ಸಾರ್, ಇದು ತಿನ್ನೋಕಾ, ಸಾಕೋಕಾ?"

ಆಮೇಲೆ ಇನ್ನೊಂದು ವಿಡಿಯೋ. ಕೋಳಿ ತೊಳೆದ್ರೆ ನೀರು ಸಿಡಿದು ಕ್ರಿಮಿ ಎಲ್ಲಾ ಕಡೆ ಹರಡತ್ತೆ ಅಂತ. ಅರಿಶಿನ ಹಾಕಿ ತೊಳೀಲೇಬೇಕು ಅನ್ನೋದು ಮತ್ತೊಂದು. ಮಾವ ಎರಡನ್ನೂ ನಂಬಿದ್ರು. ಒಳ್ಳೆ ಬಿಸಿಲಲ್ಲಿ ರೈನ್‌ಕೋಟ್ ಹಾಕ್ಕೊಂಡು, ಹೆಲ್ಮೆಟ್ ಇಟ್ಕೊಂಡು, ಟೆರೇಸ್ ಮೇಲಿನ ನಲ್ಲೀಲಿ ಕೋಳಿ ತೊಳೆದ್ರು. ಪಕ್ಕದ್ಮನೆ ಆಂಟಿ ನೋಡಿ, ಮಳೆ ಬರಬಹುದು ಅಂತ ಒಣಗಿಸಿದ್ದ ಬಟ್ಟೆ ಎಲ್ಲಾ ಒಳಗೆ ತಗೊಂಡ್ರು!

ಕೊನೆಗೆ ಕಾಯಿಲೆ ಕೋಳಿಗಳ ವಿಡಿಯೋ ಬಂತು. ಈ ಮನೆಗೆ ಇನ್ನು ಕೋಳಿ ಬರಂಗಿಲ್ಲ ಅಂದ್ಬಿಟ್ರು. ಅದೇ ಹೊತ್ತಿಗೆ ನನ್ನ ಹೆಂಡ್ತಿ ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ಲು. ಏನು ತಿಂದ್ರೂ ವಾಂತಿ. ತೂಕ ಏರ್ತಿಲ್ಲ ಅಂತ ಡಾಕ್ಟ್ರಿಗೂ ಚಿಂತೆ. ಅವಳಿಗೆ ಆಸೆ ಇದ್ದಿದ್ದು ಒಂದೇ, ಅಮ್ಮನ ಕೈ ಕೋಳಿ ಸಾರು, ಮುದ್ದೆ. ಚೆನ್ನಾಗಿ ಬೇಯಿಸಿ ಕೊಡಿ ಅಂದ್ರು ಡಾಕ್ಟ್ರು. ಬಂದು ಮಾವಂಗೆ ಹೇಳ್ದೆ.

"ಡಾಕ್ಟ್ರು ಆ ವಿಡಿಯೋ ನೋಡಿಲ್ಲ ಕಣಪ್ಪ," ಅಂದ್ರು.

ಒಂದಿನ ಮಧ್ಯಾಹ್ನ ಅವಳು ತಟ್ಟೆ ಪಕ್ಕಕ್ಕೆ ತಳ್ಳಿ ಸುಮ್ನೆ ಗೋಡೆ ಕಡೆ ತಿರುಗಿ ಮಲಗಿದ್ಲು. ಮಾವ ನೋಡ್ತಾ ನಿಂತಿದ್ರು, ಆಮೇಲೆ ಚಪ್ಪಲಿ ಮೆಟ್ಕೊಂಡು ಹೊರಟ್ರು. ವಾಪಸ್ ಬಂದಾಗ ಕೈಯಲ್ಲಿ ಕವರ್ರು.

"ಚೆನ್ನಾಗಿ ನಡೀತು," ಅಂತ ಅತ್ತೆ ಕೈಗೆ ಕೊಟ್ರು.

ಅತ್ತೆ ಹಂಗೇ ನಿಂತ್ಬಿಟ್ರು. ಅವತ್ತು ಶನಿವಾರ! ಮನೆದೇವ್ರು ತಿಮ್ಮಪ್ಪನ ವಾರ. ಅಡುಗೆಮನೆಗೆ ಮೊಟ್ಟೆ ಕೂಡ ಬರಲ್ಲ. ಮಾವ ಅಂತೂ ಬುದ್ಧಿ ಬಂದಾಗಿಂದ ಶನಿವಾರ ಒಪ್ಪೊತ್ತು. ಅತ್ತೆ ಟೆರೇಸ್ ಮೇಲೆ ಒಲೆ ಹೂಡಿ ಸಾರು ಮಾಡಿ ಹಾಲ್‌ಗೆ ತಂದ್ರು.

ಮೊದ್ಲು ಬಟ್ಟಲು ಹಿಡಿದಿದ್ದು ಮಾವನೇ! ಬಸುರಿ ಮಗಳು ಮುದ್ದೆ ಮುಂದೆ ಕೂತಿದಾಳೆ, ಇವ್ರು ತೊಡೆ ಪೀಸ್ ತಿಂದು, ಸಾರು ಕುಡಿದು, ಹೊಟ್ಟೆ ಮೇಲೆ ಕೈಯಿಟ್ಕೊಂಡು ಗೋಡೆ ಗಡಿಯಾರ ನೋಡ್ತಾ ಕೂತ್ರು. ನಂಗೆ ಸಿಟ್ಟೇ ಬಂತು.

"ಮಾವ, ಇವತ್ತು ಶನಿವಾರ."

"ಗೊತ್ತಪ್ಪ."

"ಮತ್ತೆ?"

"ಅದ್ರಲ್ಲೇನಾದ್ರೂ ಇದ್ರೆ ಮೊದ್ಲು ನಂಗಾಗ್ಲಿ. ತಿಮ್ಮಪ್ಪಂಗೆ ನಾನು ಹೇಳ್ಕೋತೀನಿ."

ಮಾವ ಇನ್ನೂ ಸ್ವಲ್ಪ ಹೊತ್ತು ಕಾದು, ಪಾತ್ರೇನ ಅವಳ ಕಡೆ ಸರಿಸಿ, ತಿನ್ನವ್ವ ಅಂದ್ರು. ಅವಳು ತಿಂದ್ಲು. ಮತ್ತೆ ಬಡಿಸ್ಕೊಂಡ್ಲು. ಪಕ್ಕದಲ್ಲಿ ಮಾವನ ಮೊಬೈಲ್ ಟಿಣ್ ಟಿಣ್ ಅಂತಾನೇ ಇತ್ತು. ಮಾವ ಎತ್ತಿ ನೋಡ್ಲಿಲ್ಲ.