ಏಳನೇ ನಂಬರ್ ಕಾರಿನ ಸಿಗರೇಟು ತೂತು

ನಮ್ಮ ಜಿಲ್ಲಾ ಕಚೇರಿಯ ಏಳನೇ ನಂಬರ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸಿಗರೇಟು ಹೊತ್ತಿಸುವ ಒಂದು ತೂತಿದ್ದು, ಅದಕ್ಕೆ ಹದಿನಾಲ್ಕು ವರ್ಷಗಳಿಂದ ವಿದ್ಯುತ್ ಸರಬರಾಜು ಇಲ್ಲವೆಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ. ಕಚೇರಿಯ ವಾಹನಗಳಲ್ಲಿ ಧೂಮಪಾನ ನಿಷೇಧವಾದ ದಿನ ಅದರ ಫ್ಯೂಸು ಕಿತ್ತವನು ನಾನೇ. ಹಾಯೊ ಟ್ಯಾಡೆನ್, ವಾಹನ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವವನು ನಾನೊಬ್ಬನೇ ಆದ್ದರಿಂದ ಮುಖ್ಯಸ್ಥನಾಗುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಆ ಕಾರು ಸೂಲಗಿತ್ತಿ ಫೆನ್ನಾಳ ಓಡಾಟಕ್ಕೆ. ಸಮುದ್ರದ ಒಡ್ಡಿನುದ್ದಕ್ಕೂ ಹತ್ತೊಂಬತ್ತು ಹಳ್ಳಿ, ಸೂಲಗಿತ್ತಿ ಒಬ್ಬಳೇ. ಕಚೇರಿ ಕೊಟ್ಟ ಅವಳ ಫೋನು ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಪ್ರಾಣ ಬಿಡುತ್ತಿತ್ತು. ಮಾರ್ಚಿನಲ್ಲಿ ಅವಳು ಬಂದು ನನ್ನ ಮೇಜಿನ ಮೇಲೆ ಒಂದು ಪುಟ್ಟ ಯುಎಸ್‌ಬಿ ಸಾಕೆಟ್ ಇಟ್ಟಳು.

"ಹನ್ನೆರಡು ಯೂರೋ, ಹತ್ತು ನಿಮಿಷದ ಕೆಲಸ. ಹಳೇದನ್ನ ಕಿತ್ತು ಇದನ್ನ ನಾನೇ ಕೂರಿಸ್ತೀನಿ. ನೀನು ಆ ಕಡೆ ಮುಖ ಮಾಡ್ಕೊಂಡು ಟೀ ಕುಡೀತಿರು ಹಾಯೊ, ಸಾಕು."

ಟೀ ಕುಡಿಯುವುದಕ್ಕೆ ನನ್ನ ಆಕ್ಷೇಪಣೆ ಇರಲಿಲ್ಲ. ನಮ್ಮ ಕಡೆಯ ಪದ್ಧತಿಯಂತೆ ಮೂರು ಕಪ್ಪು ಕುಡಿದೆ, ಸಾಕೆಟ್ಟನ್ನು ಲಕೋಟೆಗೆ ಹಾಕಿ ಮೊಹರು ಒತ್ತಿದೆ. ಹಾಗಾದರೆ ಫೋನು ಚಾರ್ಜ್ ಮಾಡಲು ಮನೆಯಿಂದ ಬ್ಯಾಟರಿ ತರುತ್ತೇನೆಂದಳು. ಖಾಸಗಿ ವಿದ್ಯುತ್ ಉಪಕರಣಕ್ಕೆ ತಪಾಸಣೆಯ ಚೀಟಿ ಬೇಕು, ತಪಾಸಕರು ಬರುವುದು ನವೆಂಬರಿನಲ್ಲಿ ಎಂದೆ. ಅವಳು ಚೀಲ ಹೆಗಲಿಗೇರಿಸಿ ಬಾಗಿಲ ಕಡೆ ತಿರುಗಿದಳು.

"ನಿನ್ ಮಗಳು ತಾಲೆಯಾಗೆ ಜೂನಲ್ಲಿ ದಿನ ತುಂಬುತ್ತೆ. ನೆನಪಿರ್ಲಿ."

ನೆನಪಿಲ್ಲದೆ ಏನು? ದಿನ ತುಂಬುವ ತಾರೀಖಿಗೆ ಅರ್ಧ ದಿನದ ರಜೆಗೆ ಅರ್ಜಿ ಕೊಟ್ಟಾಗಿತ್ತು.

ಈಗ ನಿಯಮದ ವಿಚಾರ. 'ಧೂಮಪಾನಿಗಳ ಸೌಲಭ್ಯಗಳನ್ನು ಧೂಮಪಾನಿಗಳ ಲಿಖಿತ ಒಪ್ಪಿಗೆಯಿಲ್ಲದೆ ತೆಗೆಯತಕ್ಕದ್ದಲ್ಲ' ಎಂದು ನಿಷೇಧದ ಆದೇಶದಲ್ಲೇ ಇದೆ. ನೌಕರರ ಮಂಡಳಿಯ ಒತ್ತಾಯಕ್ಕೆ ಸೇರಿಸಿದ ವಾಕ್ಯ, ಕರಡು ನನ್ನದು. ಅದನ್ನು ಬರೆದ ದಿನ ಮನೆಯಲ್ಲಿ ಎರಡು ಸಲ ಓದಿ ಹೇಳಿದ್ದೆ. ಕಚೇರಿಯಲ್ಲಿ ಸಿಗರೇಟು ಸೇದಿದ ಕೊನೆಯ ಮನುಷ್ಯ ಬಾಗಿಲು ಕಾಯುವ ಐಲರ್ಟ್. ಅವನೂ ಬಿಟ್ಟು ಒಂಬತ್ತು ವರ್ಷವಾಗಿತ್ತು. ಸೇದದವನ ಒಪ್ಪಿಗೆ ಸಿಂಧುವಲ್ಲ. ಮಂಡಳಿ ಮೂರು ಸಭೆ ಸೇರಿ, ಐಲರ್ಟ್ ಮೂರು ತಿಂಗಳು ಮತ್ತೆ ಸೇದಿ ಅರ್ಹತೆ ಗಳಿಸಬಹುದೆಂದು ತೀರ್ಮಾನಿಸಿತು.

"ಹೆಂಡ್ತಿಗೆ ಏನಂತ ಹೇಳ್ಲಿ?" ಎಂದು ಅವನು ಕೇಳಿದ.

"ಕರ್ತವ್ಯ ಅಂತ ಹೇಳು," ಎಂದೆ.

ಪಾಪ, ಒಳ್ಳೆಯವನು. ದಿನಕ್ಕೆರಡು ಸೇದಿ, ಮನಸಾರೆ ಕೆಮ್ಮಿ, ರಿಜಿಸ್ಟರಿನಲ್ಲಿ ಸಹಿ ಮಾಡತೊಡಗಿದ.

ಅವನ ಆರನೇ ವಾರದಲ್ಲಿ, ನನ್ನ ಅರ್ಧ ದಿನದ ರಜೆಗೆ ಇನ್ನೂ ಒಂಬತ್ತು ದಿನವಿರುವಾಗ, ಮಧ್ಯಾಹ್ನ ಎರಡೂಹತ್ತಕ್ಕೆ ತಾಲೆಯಾಗೆ ನೋವು ಶುರುವಾಯಿತು. ಅಳಿಯ ಹಡಗಿನಲ್ಲಿದ್ದ. ಫೆನ್ನಾಳ ಫೋನು ಸತ್ತು ಹತ್ತು ನಿಮಿಷವಾಗಿತ್ತು. ಮಗಳಿಗೆ ಆಂಬುಲೆನ್ಸಿಗೆ ಹೇಳಲು ತಿಳಿಸಿ, ಫೆನ್ನಾಳನ್ನು ಹುಡುಕಿಕೊಂಡು ನಾನು ಒಡ್ಡಿನ ರಸ್ತೆ ಹಿಡಿದೆ.

ಅಲ್ಲಿ ರಸ್ತೆ ರಿಪೇರಿ, ತಾತ್ಕಾಲಿಕ ಕೆಂಪು ದೀಪ. ಮುಂದೆ ಇನ್ನೂರು ಮೀಟರು ಒಂಟಿ ದಾರಿ, ಕುರಿಗಳನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಆ ತುದಿಯಲ್ಲೂ ಕೆಂಪು ದೀಪ, ಅದರ ಕೆಳಗೆ ಒಂದು ಬಿಳಿ ಕಾರು. ನಮ್ಮ ಏಳನೇ ನಂಬರ್. ಒಳಗೆ ಫೆನ್ನಾ ಸೇಬು ತಿನ್ನುತ್ತ ಕೂತಿದ್ದಂತೆ ಕಂಡಿತು. ಅಪಾಯವಿಲ್ಲದೆ ಹಾರ್ನ್ ಮಾಡುವಂತಿಲ್ಲ. ಇದು ಅಪಾಯವೇ ಎಂದು ಯೋಚಿಸಿದೆ. ರಸ್ತೆಗೆ ಸಂಬಂಧಿಸಿದ ಅಪಾಯವಲ್ಲ. ಕಾಲು ಬ್ರೇಕಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಥೂ, ನೀನೂ ಒಬ್ಬ ಅಪ್ಪನಾ ಎಂದು ನನಗೆ ನಾನೇ ಬೈದುಕೊಂಡೆ. ಬೈದುಕೊಂಡೂ ನಿಂತೆ. ಹದಿನೇಳು ನಿಮಿಷವಾದ ಮೇಲೆ ರಸ್ತೆ ಕೆಲಸದವನೊಬ್ಬ ಬಂದು, ದೀಪಗಳು ಬೆಳಗ್ಗೆಯಿಂದ ಕೆಟ್ಟಿವೆ ಎಂದ.

ಫೆನ್ನಾಳೂ ನಾನೂ ಮಗಳ ಮನೆ ಮುಟ್ಟುವಷ್ಟರಲ್ಲಿ ಆಂಬುಲೆನ್ಸಿನವರು ಕೈ ತೊಳೆಯುತ್ತಿದ್ದರು. ಅಡುಗೆಮನೆಯ ನೆಲದ ಮೇಲೆ, ಮೂರೂಹತ್ತಕ್ಕೆ, ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಕ್ಷೇಮ.

"ಅಪ್ಪಾ, ಫೆನ್ನಾಗೆ ನಲವತ್ತೊಂದು ಸಲ ಫೋನ್ ಮಾಡ್ದೆ," ಎಂದಳು ತಾಲೆಯಾ. "ಒಬ್ಳೇ ಇದ್ದೆ. ಸತ್ತೇ ಹೋಗ್ತೀನಿ ಅನ್ಕೊಂಡೆ."

"ಕೆಂಪು ದೀಪ ಇತ್ತಮ್ಮ," ಎಂದೆ.

ಅವಳು ಹೌದಾ ಎಂದು ತಲೆಯಾಡಿಸಿದಳು. ನನ್ನ ಮಗಳಲ್ಲವೇ, ಅರ್ಥ ಮಾಡಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ತುರ್ತು ಸಭೆ ನಡೆಯಿತು. ಘಟನೆಯಲ್ಲಿ ಯಾವ ನಿಯಮವೂ ಉಲ್ಲಂಘನೆಯಾಗಿಲ್ಲವೆಂದು ಸಭೆ ಸಂತೋಷ ವ್ಯಕ್ತಪಡಿಸಿತು. ಐಲರ್ಟ್ ಕೆಮ್ಮಿಗೆ ಐದು ದಿನ ರಜೆ ಹಾಕಿದ್ದರಿಂದ ಅವನ ಮೂರು ತಿಂಗಳು ಮತ್ತೆ ಮೊದಲಿನಿಂದ ಎಂದಾಯಿತು. ಅಲ್ಲಿಯವರೆಗಿನ ವ್ಯವಸ್ಥೆಗೆ ಸುತ್ತೋಲೆ ಬರೆಯಲು ನನಗೇ ಹೇಳಿದರು.

'ಸಾಕೆಟ್ ಬದಲಾವಣೆಯ ಕಡತ ಪರಿಶೀಲನೆಯಲ್ಲಿರುವುದರಿಂದ, ಜಿಲ್ಲೆಯ ಗರ್ಭಿಣಿಯರು ತಮ್ಮ ಹೆರಿಗೆಯನ್ನು ಮಧ್ಯಾಹ್ನ ಎರಡು ಗಂಟೆಯೊಳಗೆ ಆರಂಭಿಸಿ ಸಹಕರಿಸಬೇಕಾಗಿ ಕೋರಲಾಗಿದೆ. ತಪ್ಪಿದಲ್ಲಿ ಲಿಖಿತ ವಿವರಣೆ ಸಲ್ಲಿಸತಕ್ಕದ್ದು. ಈ ಸುತ್ತೋಲೆಯು ಜೂನ್ ಒಂದರಿಂದ ಪೂರ್ವಾನ್ವಯವಾಗುತ್ತದೆ.'

ಗಲಾಟೆಯಾದೀತೆಂದು ಹೆದರಿದ್ದೆ. ಶನಿವಾರಕ್ಕೂ ಅನ್ವಯಿಸುತ್ತದೆಯೇ ಎಂದು ಇಬ್ಬರು ಕೇಳಿದರು, ಅಷ್ಟೇ. ಫೆನ್ನಾ ಕೂಡ ಅದನ್ನು ಓದಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು.

ಪೂರ್ವಾನ್ವಯದ ಅವಧಿಯಲ್ಲಿ ತಡವಾದ ಹೆರಿಗೆ ಒಂದೇ. ಆ ವಾರ ತಾಲೆಯಾ ಮಗುವನ್ನು ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯಲ್ಲಿ ದುಂಡಗೆ ಬರೆದುಕೊಟ್ಟಳು: 'ನನ್ನ ಮಗಳು ತಡವಾಗಿ ಬಂದದ್ದಕ್ಕೆ ವಿಷಾದಿಸುತ್ತೇನೆ.'

"ಇಷ್ಟು ಸಾಕಾ ಅಪ್ಪಾ?" ಎಂದು ಕೇಳಿದಳು.

ಓದಿ ನೋಡಿದೆ. ತಾರೀಖು ಬಿಟ್ಟುಹೋಗಿತ್ತು. ಹಾಕಿಸಿಕೊಂಡೆ.